ಆಪರೇಷನ್ ಆದ ಮೇಲೆ ಮತ್ತೆ ಬಂದ ನೋವು: ನಾನು ಹೇಗೆ ನಿಭಾಯಿಸುತ್ತಿದ್ದೇನೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಪಾಠ ಮಾಡುವವಳು ನಾನು. ನನಗೆ ಎಂಡೊಮೆಟ್ರಿಯೋಸಿಸ್ ಇದೆ. ಲ್ಯಾಪರೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಹಾಕಿ ಕ್ಯಾಮೆರಾದಲ್ಲಿ ನೋಡುತ್ತಾ, ಅಂಡಾಶಯದ ಚಾಕೊಲೇಟ್ ಸಿಸ್ಟ್ (ಹಳೆಯ ರಕ್ತ ತುಂಬಿದ ಗಡ್ಡೆ) ತೆಗೆದರು. ಕೆಲವು ತಿಂಗಳು ಆರಾಮಾಗಿದ್ದೆ. ಆಮೇಲೆ ನೋವು ಮತ್ತೆ ಶುರುವಾಯಿತು.

ನೋವು ಮರಳಿತು ಅಂದರೆ ಆಪರೇಷನ್ ಕೆಟ್ಟಿತು ಅಂತಲ್ಲ. ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗಡೆ ಬೆಳೆಯುವ ಕಾಯಿಲೆ ಇದು. ಕಣ್ಣಿಗೆ ಬೀಳದಷ್ಟು ಸಣ್ಣ ಚುಕ್ಕೆಗಳು ಉಳಿದಿರಬಹುದು, ಹೊಸದಾಗಿಯೂ ಹುಟ್ಟಬಹುದು. ಇನ್ನೊಂದು ಕಾರಣವೂ ಇದೆ. ವರ್ಷಗಟ್ಟಲೆ ನೋವು ತಿಂದ ಕೆಳಹೊಟ್ಟೆಯ ಸ್ನಾಯುಗಳು ಬಿಗಿದುಕೊಂಡೇ ಇರಬಹುದು, ನರಗಳು ಸಣ್ಣದಕ್ಕೂ ಕೆರಳಬಹುದು.

ಇದು ನನಗೆ ಗೊತ್ತಾಗಿದ್ದು ಬರೆದಿಟ್ಟಿದ್ದರಿಂದ. ನೋವು ಎಲ್ಲಿ, ಯಾವಾಗ, ಮುಟ್ಟಿನ ಎಷ್ಟನೇ ದಿನ, ಅವತ್ತು ಎಷ್ಟು ಹೊತ್ತು ಕೂತಿದ್ದೆ, ಹೊಟ್ಟೆ ಸರಿಯಾಗಿ ಹೋಯಿತಾ ಅಂತ ಒಂದೊಂದೇ ಸಾಲು. ಎರಡು ಬೇರೆ ಬೇರೆ ನೋವುಗಳು ಕಂಡವು. ಒಂದು ಮುಟ್ಟಿನ ಜೊತೆ ಬಂದು ಹೋಗುವುದು. ಇನ್ನೊಂದು ಯಾವ ದಿನ ಬೇಕಾದರೂ ಬರುವುದು. ಬಸ್ಸಲ್ಲಿ ಕೂತ ಮೇಲೆ, ಮಲಬದ್ಧತೆ ಆದಾಗ, ಗಂಡನ ಜೊತೆ ಸೇರಿದ ಮರುದಿನ ಅದು ಜಾಸ್ತಿ. ಸ್ಕ್ಯಾನ್‌ನಲ್ಲಿ ಹೊಸ ಸಿಸ್ಟ್ ಇರಲಿಲ್ಲ. ಸಣ್ಣ ಚುಕ್ಕೆಗಳು ಸ್ಕ್ಯಾನ್‌ಗೆ ಕಾಣದೇ ಇರಬಹುದು. ಆದ್ದರಿಂದ ಸ್ಕ್ಯಾನ್ ನಾರ್ಮಲ್ ಅಂದ ಕೂಡಲೇ ನೋವು ಸುಳ್ಳಾಗುವುದಿಲ್ಲ.

ಮೊದಲನೆಯದಕ್ಕೆ ಡಾಕ್ಟರ್ ಡೈನೋಜೆಸ್ಟ್ ಅನ್ನುವ 2 ಮಿಲಿಗ್ರಾಂ ಹಾರ್ಮೋನ್ ಮಾತ್ರೆ ಕೊಟ್ಟರು. ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳುತ್ತೇನೆ. ಶುರುವಿನಲ್ಲಿ ಆಗಾಗ ರಕ್ತದ ಕಲೆ ಕಾಣಿಸಿಕೊಂಡಿತು, ಮನಸ್ಸು ಮಂಕಾಯಿತು. ಎರಡನ್ನೂ ಡಾಕ್ಟರಿಗೆ ಹೇಳಿದೆ. ನೀವೂ ಹೇಳಿ, ಸುಮ್ನೆ ಮಾತ್ರೆ ನಿಲ್ಲಿಸಬೇಡಿ. ಸದ್ಯಕ್ಕೆ ಮಗು ಬೇಡ ಅನ್ನುವವರು ಆಪರೇಷನ್ ನಂತರ ಕನಿಷ್ಠ 18ರಿಂದ 24 ತಿಂಗಳು ಹಾರ್ಮೋನ್ ಗರ್ಭನಿರೋಧಕ ಮಾತ್ರೆಯನ್ನೋ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿಯನ್ನೋ ಬಳಸಿದರೆ ಮುಟ್ಟಿನ ನೋವು ಮರಳುವುದು ಕಡಿಮೆ ಎಂದು 2022ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಮಗು ಬೇಕು ಅನ್ನುವವರ ದಾರಿ ಬೇರೆ.

ಎರಡನೆಯ ನೋವಿಗೆ ಮಾತ್ರೆ ಅಷ್ಟಾಗಿ ನಾಟಲಿಲ್ಲ. ಕೆಲಸಕ್ಕೆ ಬಂದಿದ್ದು ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ, ಅಂದರೆ ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಹಿಡಿದಿಡುವ ಸ್ನಾಯುಗಳಿಗೆ ಕೊಡುವ ವ್ಯಾಯಾಮ ಚಿಕಿತ್ಸೆ. ಎಲ್ಲರೂ ಹೇಳುವ ಕೀಗಲ್ ವ್ಯಾಯಾಮ ಸ್ನಾಯುವನ್ನು ಬಿಗಿ ಮಾಡುವಂಥದ್ದು. ಈಗಾಗಲೇ ಬಿಗಿದುಕೊಂಡಿದ್ದರೆ ಅದರಿಂದ ನೋವು ಹೆಚ್ಚಾಗಬಹುದು. ನನಗೆ ಕಲಿಸಿದ್ದು ಸಡಿಲ ಬಿಡುವುದನ್ನು. ಅಂಗಾತ ಮಲಗಿ ಮಂಡಿ ಮಡಚುತ್ತೇನೆ. ಮೂಗಿನಿಂದ ನಿಧಾನವಾಗಿ ಉಸಿರು ಎಳೆದು ಹೊಟ್ಟೆ ಉಬ್ಬಿಸುತ್ತೇನೆ. ಆಗ ಮೂತ್ರಕ್ಕೆ ಕೂತಾಗ ಬಿಡುತ್ತೇವಲ್ವಾ, ಹಾಗೆ ಕೆಳಗಿನ ಸ್ನಾಯುವನ್ನು ಬಿಡುತ್ತೇನೆ. ತಿಣುಕಬಾರದು. ಮೊದಮೊದಲು ಏನೂ ಆಗುತ್ತಿಲ್ಲ ಅನ್ನಿಸಿತು. ವಾರಗಳು ಕಳೆದ ಮೇಲೆ ಬಸ್ಸಿಳಿಯುವಾಗ ತೊಡೆಸಂದಿನ ಸೆಳೆತ ಕಡಿಮೆಯಾಗಿದ್ದು ಗೊತ್ತಾಯಿತು. ಬಸ್ಸಲ್ಲಿ ಹಿಂದಿನ ಸೀಟು ಬೇಡ, ಕುಲುಕಾಟ ಜಾಸ್ತಿ. ಭರಮಸಾಗರದಲ್ಲಿ ನಿಂತಾಗ ಎದ್ದು ಎರಡು ನಿಮಿಷ ನಿಲ್ಲುತ್ತೇನೆ.

ನೋವಿನ ಮಾತ್ರೆಯನ್ನು ನೋವು ಏರುವ ಮುಂಚೆಯೇ, ಊಟವಾದ ಮೇಲೆ ತೆಗೆದುಕೊಳ್ಳುತ್ತೇನೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ನಮ್ಮೂರಿನ ಏಪ್ರಿಲ್ ಬಿಸಿಲಲ್ಲೂ ಬಿಸಿನೀರಿನ ಚೀಲ ಬೇಕಾಗುತ್ತದೆ. ಟವೆಲ್ ಸುತ್ತಿ, ಸ್ವಲ್ಪ ಹೊತ್ತು ಮಾತ್ರ ಇಡಿ. ತುಂಬಾ ಹೊತ್ತು, ಮೇಲಿಂದ ಮೇಲೆ ಇಟ್ಟರೆ ಚರ್ಮದ ಮೇಲೆ ಬಲೆಯಂಥ ಕಂದು ಗುರುತು ಬೀಳುತ್ತದೆ. ಹೊಟ್ಟೆ ಕಟ್ಟದಂತೆ ಸೊಪ್ಪು, ಕಾಳು, ನೀರು.

ನನಗೆ ತುಂಬಾ ಸಿಟ್ಟು ಬರುವುದು ಒಂದು ಮಾತಿಗೆ: "ಗರ್ಭಕೋಶ ತೆಗೆಸಿಬಿಡು, ಪೀಡೆ ಹೋಗುತ್ತೆ." ನಮ್ಮ ಕಡೆ ಹಳ್ಳಿಗಳಲ್ಲಿ ಇದನ್ನು ಎಷ್ಟು ಸಲೀಸಾಗಿ ಹೇಳುತ್ತಾರೆ! ಕಾಯಿಲೆ ಇರುವುದು ಗರ್ಭಕೋಶದ ಹೊರಗೆ. ಅದನ್ನಷ್ಟೇ ತೆಗೆದರೆ ಹೊರಗಿನ ಚುಕ್ಕೆಗಳು ಅಲ್ಲೇ ಇರುತ್ತವೆ. ಎರಡೂ ಅಂಡಾಶಯ ತೆಗೆದರೆ ಚಿಕ್ಕ ವಯಸ್ಸಿಗೇ ಮುಟ್ಟು ನಿಂತು ಮೂಳೆ ಸವೆಯುತ್ತದೆ. ಕೆಲವರಿಗೆ ಆ ಆಪರೇಷನ್ ಬೇಕಾಗಬಹುದು. ಆದರೆ ಬೇರೆ ದಾರಿಗಳನ್ನೆಲ್ಲ ನೋಡದೆ ಒಪ್ಪಬೇಡಿ, ಇನ್ನೊಬ್ಬ ಡಾಕ್ಟರನ್ನೂ ಕೇಳಿ.

ಒಂದೇ ಪಕ್ಕದಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ, ಜ್ವರವೋ ವಾಂತಿಯೋ ಜೊತೆಗಿದ್ದರೆ, ತಲೆ ತಿರುಗಿ ಬಿದ್ದರೆ ಇದ್ಯಾವುದನ್ನೂ ಮಾಡುತ್ತಾ ಕೂರಬೇಡಿ. ಸಿಸ್ಟ್ ಒಡೆದಿರಬಹುದು, ಅಂಡಾಶಯ ತಿರುಚಿಕೊಂಡಿರಬಹುದು. ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ ಹೋಗಿ.