ಆಕ್ಸ್‌ಫರ್ಡ್ ಕಾಲೇಜಿಗೆ ಹೊರಟವರಿಗೆ: ಗೌನು, ಹಾಲ್ ಊಟ, ಎಂಟು ವಾರದ ಲೆಕ್ಕ

ಆಕ್ಸ್‌ಫರ್ಡ್‌ನಲ್ಲಿ ಸೀಟು ಸಿಕ್ಕಿತು ಅಂದರೆ ಸಿಕ್ಕಿದ್ದು ಎರಡು: ವಿಶ್ವವಿದ್ಯಾಲಯದಲ್ಲಿ ಒಂದು ಕೋರ್ಸು, ಯಾವುದೋ ಒಂದು ಕಾಲೇಜಿನಲ್ಲಿ ಒಂದು ಜಾಗ. ಉಪನ್ಯಾಸ, ಲ್ಯಾಬು, ಪರೀಕ್ಷೆ, ಪದವಿ ವಿಶ್ವವಿದ್ಯಾಲಯದ ಪಾಲಿಗೆ. ಪದವಿ ವಿದ್ಯಾರ್ಥಿಗಳ ಟ್ಯುಟೋರಿಯಲ್, ಕೋಣೆ, ಊಟ, ಹುಷಾರು ತಪ್ಪಿದರೆ ವಿಚಾರಿಸುವ ಜನ ಕಾಲೇಜಿನ ಪಾಲಿಗೆ. ಈಗ 36 ಕಾಲೇಜುಗಳಿವೆ, ಕಾಲೇಜಿನಂತೆಯೇ ನಡೆಯುವ 3 ಸೊಸೈಟಿಗಳಿವೆ, ಕ್ರೈಸ್ತ ಸಂಸ್ಥೆಗಳು ಕಟ್ಟಿದ 4 ಹಾಲ್‌ಗಳಿವೆ. ಒಂದರ ಪದ್ಧತಿ ಇನ್ನೊಂದರಲ್ಲಿ ಇರಬೇಕೆಂದಿಲ್ಲ. ಹಾಗಾಗಿ ಇಲ್ಲಿ ಹೇಳಿರುವುದನ್ನು ನಿಮ್ಮ ಕಾಲೇಜಿನ ಕೈಪಿಡಿಯ ಪಕ್ಕದಲ್ಲಿಟ್ಟು ಓದಿ.

ಕಪ್ಪು ಗೌನು ಹಾಕಿಕೊಂಡು ಊಟಕ್ಕೆ ಕೂರುವುದನ್ನು ಮೊದಲ ಸಲ ಕಂಡವರಿಗೆ ಇದೆಲ್ಲ ಪ್ರವಾಸಿಗರಿಗಾಗಿ ಆಡುವ ನಾಟಕ ಅನ್ನಿಸುತ್ತದೆ. ಹಾಗಲ್ಲ. ಇಲ್ಲಿನ ಸಂಪ್ರದಾಯಗಳಲ್ಲಿ ಒಂದು ಪಾಲು ಬರೀ ನಿಯಮ, ತಪ್ಪಿದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಇನ್ನೊಂದು ಪಾಲು ನಿಮ್ಮಿಷ್ಟ. ಹೊಸಬರು ಎಡವುವುದು ಈ ಎರಡನ್ನು ಅದಲುಬದಲು ಮಾಡಿಕೊಂಡಾಗ.

ಮೊದಲು ಕ್ಯಾಲೆಂಡರ್

ವರ್ಷಕ್ಕೆ ಮೂರು ಟರ್ಮ್: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಿಕಲ್ಮಸ್, ಜನವರಿಯಿಂದ ಮಾರ್ಚ್‌ವರೆಗೆ ಹಿಲರಿ, ಏಪ್ರಿಲ್‌ನಿಂದ ಜೂನ್‌ವರೆಗೆ ಟ್ರಿನಿಟಿ. ಒಂದೊಂದರಲ್ಲಿ ಪಾಠ ನಡೆಯುವುದು ಎಂಟೇ ವಾರ. ಯಾರೂ ತಾರೀಕು ಹೇಳುವುದಿಲ್ಲ, ‘ಮೂರನೇ ವಾರದ ಮಂಗಳವಾರ’ ಅನ್ನುತ್ತಾರೆ. ಟರ್ಮ್ ಶುರುವಾಗುವ ಮುಂಚಿನ ವಾರಕ್ಕೆ ಸೊನ್ನೆಯ ವಾರ ಎಂದೇ ಹೆಸರು. ಹೊಸಬರ ಪರಿಚಯ ಕಾರ್ಯಕ್ರಮಗಳು, ಹಳಬರಿಗೆ ಹಿಂದಿನ ಟರ್ಮಿನ ಪಾಠದ ಮೇಲೆ ‘ಕಲೆಕ್ಷನ್ಸ್’ ಎಂಬ ಅಣಕು ಪರೀಕ್ಷೆ, ಎಲ್ಲವೂ ಆಗಲೇ.

ಎಡವಟ್ಟಾಗುವುದು ಭಾನುವಾರದಲ್ಲಿ. ಆಕ್ಸ್‌ಫರ್ಡ್ ವಾರ ಭಾನುವಾರಕ್ಕೆ ಶುರು, ಶನಿವಾರಕ್ಕೆ ಮುಗಿಯುತ್ತದೆ. ಫೋನಿನ ಕ್ಯಾಲೆಂಡರ್ ಸೋಮವಾರದಿಂದ ವಾರ ಎಣಿಸುವಂತೆ ಇದ್ದರೆ ‘ಐದನೇ ವಾರದ ಭಾನುವಾರ’ ಏಳು ದಿನ ಮುಂದಕ್ಕೆ ಹೋಗಿ ಕೂರುತ್ತದೆ, ನೀವು ಹೋಗುವ ಹೊತ್ತಿಗೆ ಕಾರ್ಯಕ್ರಮ ಮುಗಿದು ವಾರವಾಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಾರದ ಮೊದಲ ದಿನ ಭಾನುವಾರ ಎಂದು ಬದಲಿಸಿ, ಪ್ರತಿ ಭಾನುವಾರದ ಮೇಲೆ ವಾರದ ಸಂಖ್ಯೆ ಬರೆದಿಟ್ಟುಕೊಳ್ಳಿ.

ವಾಸದ ಲೆಕ್ಕವೂ ಇದರ ಜೊತೆಗಿದೆ. ಪದವಿ ವಿದ್ಯಾರ್ಥಿ ಒಂದು ಟರ್ಮಿನಲ್ಲಿ 42 ರಾತ್ರಿ ಆಕ್ಸ್‌ಫರ್ಡ್‌ನಲ್ಲಿ ಉಳಿಯಬೇಕು, ಊರ ನಡುವಿನ ಕಾರ್‌ಫ್ಯಾಕ್ಸ್ ವೃತ್ತದಿಂದ 6 ಮೈಲಿಯೊಳಗೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ಮಿತಿ 25 ಮೈಲಿ. ಅಕ್ಕನ ಮದುವೆಗೆಂದು ಟರ್ಮಿನ ನಡುವೆ ಎರಡು ವಾರ ಊರಿಗೆ ಬರುವ ಯೋಚನೆಯಿದ್ದರೆ ಟಿಕೆಟ್ ತೆಗೆಯುವ ಮುನ್ನವೇ ಕಾಲೇಜಿನ ಸೀನಿಯರ್ ಟ್ಯೂಟರ್ ಕಚೇರಿಗೆ ಬರೆದು ಅನುಮತಿ ಕೇಳಿ.

ಪೋರ್ಟರ್‌ಗಳ ಜೊತೆ ಚೆನ್ನಾಗಿರಿ

ಕಾಲೇಜಿನ ಹೆಬ್ಬಾಗಿಲ ಪಕ್ಕದ ಕೋಣೆ ಲಾಡ್ಜ್. ಅಲ್ಲಿರುವವರು ಪೋರ್ಟರ್‌ಗಳು. ಹೆಸರು ನೋಡಿ ಸಾಮಾನು ಹೊರುವವರು ಅಂದುಕೊಳ್ಳಬೇಡಿ. ಕೀಲಿ, ಪಾರ್ಸೆಲ್, ಭದ್ರತೆ, ಮಧ್ಯರಾತ್ರಿ ಜ್ವರ ಬಂದವರನ್ನು ಎಲ್ಲಿಗೆ ಕಳಿಸಬೇಕೆಂಬ ತಿಳಿವಳಿಕೆ ಎಲ್ಲವೂ ಅವರ ಕೈಯಲ್ಲಿದೆ. ಗೋಡೆಯ ತುಂಬ ಇರುವ ಸಣ್ಣ ಗೂಡುಗಳಿಗೆ ‘ಪಿಜ್’ ಅನ್ನುತ್ತಾರೆ. ನಿಮ್ಮ ಹೆಸರಿನ ಗೂಡನ್ನು ದಿನಾ ಒಮ್ಮೆ ನೋಡಿ, ಬ್ಯಾಂಕಿನ ಕಾಗದವೂ ಅದರಲ್ಲೇ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿರುವ ನಮ್ಮವರಿಗೆ ಇಲ್ಲೊಂದು ತೊಡಕಿದೆ. ಕಾಲೇಜಿನ ಪಟ್ಟಿಯಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿ ನಿಂತಿರುತ್ತದೆ. ಗೂಡು ಅದರ ಅಕ್ಷರದಡಿ ಇರುತ್ತದೆ, ಅಲ್ಲಿ ಹುಡುಕಿ. ಪಾರ್ಸೆಲ್ ತರಿಸುವಾಗಲೂ ಅದೇ ಹೆಸರು ಕೊಡಿ.

ಅಂಗಳದ ಹುಲ್ಲಿನ ಮೇಲೆ ಕಾಲಿಡುವ ಮುನ್ನ ಫಲಕ ನೋಡಿ. ಹಲವು ಕಾಲೇಜುಗಳಲ್ಲಿ ಅದು ವಿದ್ಯಾರ್ಥಿಗಳಿಗೆ ನಿಷಿದ್ಧ.

ಸಬ್‌ಫಸ್ಕ್: ಇಲ್ಲಿ ರಿಯಾಯಿತಿ ಇಲ್ಲ

ವಿಶ್ವವಿದ್ಯಾಲಯಕ್ಕೆ ವಿಧಿವತ್ತಾಗಿ ಸೇರಿಸಿಕೊಳ್ಳುವ ಮ್ಯಾಟ್ರಿಕ್ಯುಲೇಷನ್‌ಗೆ, ಆಮೇಲೆ ಬರುವ ಲಿಖಿತ ಪರೀಕ್ಷೆಗಳಿಗೆ ಇದೇ ಉಡುಪು. ಪರೀಕ್ಷೆಗೆ ಇದು ಬೇಕೇ ಎಂದು 2015ರಲ್ಲಿ ವಿದ್ಯಾರ್ಥಿಗಳನ್ನೇ ಮತಕ್ಕೆ ಕೇಳಿದಾಗ ಬಹುಮತ ಬೇಕು ಎಂದೇ ಬಂತು. ಗಂಡಸರ ಉಡುಪು, ಹೆಂಗಸರ ಉಡುಪು ಎಂಬ ಭೇದ 2012ರಲ್ಲಿ ಹೋಯಿತು. ಬೇಕಾಗುವುದು ಇಷ್ಟು:

- ಕಪ್ಪು ಅಥವಾ ತೀರ ಗಾಢ ಬಣ್ಣದ ಸೂಟು, ಇಲ್ಲವೇ ಪ್ಯಾಂಟು, ಇಲ್ಲವೇ ಸ್ಕರ್ಟು
- ಪ್ಯಾಂಟಿಗೆ ಗಾಢ ಬಣ್ಣದ ಕಾಲುಚೀಲ, ಸ್ಕರ್ಟಿಗೆ ಕಪ್ಪು ಟೈಟ್ಸ್
- ಕಪ್ಪು ಬೂಟು
- ಕಾಲರ್ ಇರುವ ಅಚ್ಚ ಬಿಳಿ ಅಂಗಿ
- ಬಿಳಿ ಅಥವಾ ಕಪ್ಪು ಬೋ ಟೈ, ಇಲ್ಲವೇ ಉದ್ದ ಕಪ್ಪು ಟೈ, ಇಲ್ಲವೇ ಕಪ್ಪು ರಿಬ್ಬನ್
- ನಿಮ್ಮ ದರ್ಜೆಯ ಗೌನು, ಚೌಕಾಕಾರದ ಟೋಪಿ

ಸಿಕ್ಕಿಬೀಳುವುದು ಸಣ್ಣ ವಿಷಯಗಳಲ್ಲಿ: ಕಂದು ಬೂಟು, ಬಿಳಿ ಕಾಲುಚೀಲ, ಕೆನೆಬಣ್ಣದ ಅಂಗಿ, ಬರಿಗಾಲು ಕಾಣುವ ಗಿಡ್ಡ ಪ್ಯಾಂಟು. ಬೆಂಗಳೂರಿನಲ್ಲಿ ಸೂಟು ಹೊಲಿಸಿಕೊಂಡು ಹೋಗುವುದು ಒಳ್ಳೆಯದು, ದುಡ್ಡು ಉಳಿಯುತ್ತದೆ. ಗೌನನ್ನು ಮಾತ್ರ ಇಲ್ಲಿ ಹೊಲಿಸಬೇಡಿ, ಆನ್‌ಲೈನ್‌ನಲ್ಲಿ ಸಿಗುವ ಘಟಿಕೋತ್ಸವದ ಗೌನನ್ನೂ ಕೊಳ್ಳಬೇಡಿ. ಪದವಿ ತರಗತಿಗೆ ಹೊಸದಾಗಿ ಸೇರಿದವರದು ಕಾಮನರ್ಸ್ ಗೌನು. ಅದಕ್ಕೆ ತೋಳಿಲ್ಲ, ಸೊಂಟದ ತನಕ ಮಾತ್ರ ಬರುತ್ತದೆ, ಬೆನ್ನ ಹಿಂದೆ ಎರಡು ಪಟ್ಟಿ ನೇತಾಡುತ್ತವೆ. ಸ್ಕಾಲರ್ಸ್ ಗೌನಿಗೆ ತೋಳಿದೆ, ಮೊಣಕಾಲಿನವರೆಗೆ ಬರುತ್ತದೆ. ಹಲವು ಕಾಲೇಜುಗಳು ಮೊದಲ ವರ್ಷದ ಪರೀಕ್ಷೆಯಲ್ಲಿ ಉನ್ನತ ದರ್ಜೆ ಪಡೆದವರಿಗೆ ಅದನ್ನು ತೊಡುವ ಹಕ್ಕು ಕೊಡುತ್ತವೆ. ಸ್ನಾತಕೋತ್ತರದವರ ಗೌನು ಬೇರೆಯೇ. ಆಕ್ಸ್‌ಫರ್ಡ್‌ನ ಅಂಗಡಿಗಳಲ್ಲಿ ಗೌನು, ಟೋಪಿ, ಟೈ ಒಟ್ಟಾಗಿ ಸೆಟ್ ಸಿಗುತ್ತದೆ. ಹಿರಿಯರಿಂದ ಹಳೆಯದನ್ನು ಕೊಂಡರೂ ಏನೂ ತೊಂದರೆಯಿಲ್ಲ, ಹೇಗೂ ಎಲ್ಲರದೂ ಒಂದು ವರ್ಷದಲ್ಲಿ ಸುಕ್ಕಾಗುತ್ತದೆ.

ಮ್ಯಾಟ್ರಿಕ್ಯುಲೇಷನ್ ಸಾಮಾನ್ಯವಾಗಿ ಮಿಕಲ್ಮಸ್‌ನ ಮೊದಲ ವಾರದ ಶನಿವಾರ. ಮೊದಲು ಕಾಲೇಜಿನಲ್ಲಿ ಗುಂಪು ಫೋಟೊ, ಆಮೇಲೆ ಸಾಲಾಗಿ ನಡೆದು ಶೆಲ್ಡೋನಿಯನ್ ಥಿಯೇಟರ್‌ಗೆ. ಕ್ರಿಸ್ಟೋಫರ್ ರೆನ್ ವಿನ್ಯಾಸ ಮಾಡಿದ ಈ ಕಟ್ಟಡ 1669ರಲ್ಲಿ ಮುಗಿಯಿತು. ಸಮಾರಂಭದಲ್ಲಿ ಒಂದಿಷ್ಟು ಲ್ಯಾಟಿನ್, ಒಂದು ಕಿರು ಭಾಷಣ, ಅಷ್ಟೇ. ಫೋಟೊಗೆ ಕಾಯುವ ಹೊತ್ತೇ ಅದಕ್ಕಿಂತ ಹೆಚ್ಚು. ಒಳಗೆ ಟೋಪಿಯನ್ನು ತಲೆಗೆ ಹಾಕುವುದಿಲ್ಲ, ಕೈಯಲ್ಲಿ ಹಿಡಿದಿರಬೇಕು.

ಫಾರ್ಮಲ್ ಹಾಲ್

ದಿನದ ಊಟ ಕ್ಯಾಂಟೀನಿನ ಹಾಗೆ: ತಟ್ಟೆ ಹಿಡಿ, ಕಾರ್ಡ್ ತೋರಿಸು, ಕೂತು ತಿನ್ನು. ಫಾರ್ಮಲ್ ಹಾಲ್ ಅಂದರೆ ಬಡಿಸುವ ಊಟ, ಎರಡು ಮೂರು ಸುತ್ತಿನದು, ಬಹಳ ಕಡೆ ಗೌನು ಕಡ್ಡಾಯ. ಕೆಲವು ಕಾಲೇಜುಗಳಲ್ಲಿ ವಾರಕ್ಕೆ ಹಲವು ಸಲ ಇದ್ದರೆ ಇನ್ನು ಕೆಲವದರಲ್ಲಿ ಅಪರೂಪ.

ಹೆಸರು ನೋಂದಾಯಿಸುವುದು ಆನ್‌ಲೈನ್‌ನಲ್ಲಿ, ಕೆಲವು ದಿನ ಮುಂಚೆ. ಸಸ್ಯಾಹಾರಿಗಳು ಅದನ್ನು ಆಗಲೇ ಗುರುತು ಮಾಡಬೇಕು. ತಟ್ಟೆ ಮುಂದೆ ಬಂದ ಮೇಲೆ ಹೇಳಿದರೆ ಅಡುಗೆಮನೆಯಲ್ಲಿ ಎಣಿಕೆ ಮುಗಿದಿರುತ್ತದೆ. ಗಮನಿಸಿ, ಇಂಗ್ಲೆಂಡಿನಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಸೇರಿಯೇ. ಕೊನೆಯ ಸಿಹಿಯಲ್ಲಂತೂ ಅದು ಇದ್ದೇ ಇರುತ್ತದೆ ಎಂದುಕೊಳ್ಳಿ. ಮೊಟ್ಟೆ ತಿನ್ನದವರು ‘ವೀಗನ್’ ಎಂದು ಗುರುತು ಮಾಡುವುದೇ ಕ್ಷೇಮ. ಹಾಲು ಮೊಸರು ಕಳೆದುಕೊಳ್ಳುತ್ತೀರಿ, ಅನುಮಾನ ಉಳಿಯುವುದಿಲ್ಲ.

ಹತ್ತು ನಿಮಿಷ ಮುಂಚೆ ಹೋಗಿ. ಬೆಂಚಿನ ನಡುವಿನ ಜಾಗ ಸಿಕ್ಕರೆ ಹಲಗೆ ದಾಟಿ ಒಳಗಿಳಿಯಬೇಕು, ಸೀರೆ ಉಟ್ಟವರು ತುದಿಯ ಜಾಗ ಹಿಡಿಯುವುದು ಜಾಣತನ. ಗೌನಿನ ಹಿಂದಿನ ಪಟ್ಟಿಗಳನ್ನು ಕೂರುವಾಗ ಮುಂದಕ್ಕೆ ಎಳೆದುಕೊಳ್ಳಿ. ಪಕ್ಕದವರು ಅದರ ಮೇಲೆ ಕೂತರೆ ಏಳುವಾಗ ಗೌನು ಬೆಂಚಿನಲ್ಲೇ ಉಳಿಯುತ್ತದೆ.

ಸುತ್ತಿಗೆಯ ಸದ್ದಾದಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಪ್ರಾಧ್ಯಾಪಕರು ಒಳಬಂದು ಎತ್ತರದ ಜಗಲಿಯ ಮೇಲಿನ ಹೈ ಟೇಬಲ್‌ನಲ್ಲಿ ನಿಲ್ಲುತ್ತಾರೆ, ಲ್ಯಾಟಿನ್ ಪ್ರಾರ್ಥನೆ ಆಗುತ್ತದೆ. ಹಲವೆಡೆ ಅದು ‘ಬೆನೆಡಿಕ್ಟುಸ್ ಬೆನೆಡಿಕಾಟ್’ ಎಂಬ ಎರಡೇ ಪದ, ಕೆಲವೆಡೆ ದೀರ್ಘ. ಅದು ಮುಗಿಯುವ ತನಕ ಕೂರುವಂತಿಲ್ಲ, ಬ್ರೆಡ್ಡು ಮುಟ್ಟುವಂತಿಲ್ಲ. ನೀವು ಪ್ರಾರ್ಥಿಸಬೇಕೆಂದಿಲ್ಲ, ಸುಮ್ಮನೆ ನಿಂತರೆ ಸಾಕು. ಚಮಚ ಫೋರ್ಕುಗಳನ್ನು ಹೊರಗಿನಿಂದ ಒಳಗೆ ಬಳಸುತ್ತ ಹೋಗಿ. ಎಡಗಡೆಯ ಸಣ್ಣ ತಟ್ಟೆ ನಿಮ್ಮದು, ಬಲಗಡೆಯ ಲೋಟ ನಿಮ್ಮದು. ಊಟ ಮುಗಿದು ಹೈ ಟೇಬಲ್‌ನವರು ಹೊರಡುವಾಗ ಮತ್ತೊಮ್ಮೆ ಏಳಬೇಕು. ಅದಕ್ಕೆ ಮುಂಚೆ ಎದ್ದು ಹೋಗುವುದು ಒರಟುತನ. ಪೋರ್ಟ್ ವೈನ್ ಬಂದರೆ ಎಡಕ್ಕೆ ದಾಟಿಸುತ್ತಾರೆ. ಕುಡಿಯದವರು ಸೀಸೆಯನ್ನು ಹಾಗೇ ಎಡಕ್ಕೆ ಸರಿಸಿದರೆ ಆಯಿತು. ತಮಾಷೆಯ ಆರೋಪ ಹೊರಿಸಿ ‘ದಂಡವಾಗಿ ಕುಡಿ’ ಎನ್ನುವ ಸ್ಕಾನ್ಸಿಂಗ್ ಎಂಬ ಆಟವನ್ನು ಮುಲಾಜಿಲ್ಲದೆ ನಿರಾಕರಿಸಬಹುದು. ಅದು ನಿಯಮವಲ್ಲ, ಹುಡುಗಾಟ.

ಕೋಣೆ, ಒಗ್ಗರಣೆ, ಅಲಾರಂ

ನಮ್ಮ ಹುಡುಗರು ಹೆಚ್ಚು ಬೈಸಿಕೊಳ್ಳುವುದು ಇಲ್ಲಿ. ಮಲಗುವ ಕೋಣೆಯಲ್ಲಿ ಹೊಗೆ ಗುರುತಿಸುವ ಸಾಧನ ಇರುತ್ತದೆ. ಊದುಬತ್ತಿ ಸಾಕು, ಇಡೀ ಮೆಟ್ಟಿಲಸಾಲಿನ ಜನ ರಾತ್ರಿ ಉಡುಪಿನಲ್ಲಿ ಅಂಗಳಕ್ಕೆ ಬರಲು. ದೀಪಾವಳಿಗೆ ಬ್ಯಾಟರಿ ದೀಪ ಹಚ್ಚಿ. ರೈಸ್ ಕುಕ್ಕರ್, ಇಂಡಕ್ಷನ್ ಒಲೆಗಳನ್ನು ಕೋಣೆಯಲ್ಲಿ ಇಡಲು ಸಾಮಾನ್ಯವಾಗಿ ಬಿಡುವುದಿಲ್ಲ. ತಪಾಸಣೆಯಲ್ಲಿ ಸಿಕ್ಕರೆ ಟರ್ಮ್ ಮುಗಿಯುವ ತನಕ ಅದು ಕಚೇರಿಯಲ್ಲಿರುತ್ತದೆ.

ಹಂಚಿಕೊಳ್ಳುವ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಇರುವುದು ಹೊಗೆಯದಲ್ಲ, ಶಾಖದ ಸಾಧನ. ಸಾಸಿವೆ ಸಿಡಿದರೆ ಅದು ಕೂಗುವುದಿಲ್ಲ. ಆದರೆ ‘ಘಾಟು ಹೋಗಲಿ’ ಎಂದು ಬಾಗಿಲಿಗೆ ಏನಾದರೂ ಅಡ್ಡ ಇಟ್ಟು ತೆರೆದಿರಿ ಅನ್ನಿ, ಮೆಣಸಿನಕಾಯಿಯ ಹೊಗೆ ಕಾರಿಡಾರಿಗೆ ಹೋಗುತ್ತದೆ, ಅಲ್ಲಿರುವುದು ಹೊಗೆಯ ಸಾಧನ. ಒಗ್ಗರಣೆ ಹಾಕುವಾಗ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ, ಎಕ್ಸಾಸ್ಟ್ ಹಾಕಿ, ಉರಿ ಸಣ್ಣಗಿಡಿ. ಬೆಂಕಿತಡೆ ಬಾಗಿಲನ್ನು ತೆರೆದಿಡುವುದೇ ಒಂದು ತಪ್ಪು, ದಂಡ ಬೀಳಬಹುದು. ವಿದ್ಯುತ್ 230 ವೋಲ್ಟ್, ಹಾಗಾಗಿ ನಮ್ಮ ಚಾರ್ಜರ್‌ಗಳಿಗೆ ಪರಿವರ್ತಕ ಬೇಡ. ಚೌಕ ಕಡ್ಡಿಯ ಮೂರು ಪಿನ್ ಅಡಾಪ್ಟರ್ ಸಾಕು.

ಕೋಣೆ ಶುಚಿ ಮಾಡುವವರನ್ನು ಸ್ಕೌಟ್ ಅನ್ನುತ್ತಾರೆ. ಹೆಸರು ಕೇಳಿ ತಿಳಿದುಕೊಳ್ಳಿ. ಹಳೆಯ ಕಟ್ಟಡಗಳ ಕೆಲವು ಕೋಣೆಗಳಿಗೆ ಎರಡೆರಡು ಬಾಗಿಲು ಇರುತ್ತವೆ. ಹೊರಗಿನದನ್ನು ಮುಚ್ಚಿದರೆ ‘ಈಗ ಬರಬೇಡಿ’ ಎಂದರ್ಥ.

ಬಾಡಿಗೆ, ಊಟ, ಬಾರ್ ಖರ್ಚು ಎಲ್ಲ ಸೇರಿ ಟರ್ಮಿಗೊಮ್ಮೆ ಬರುವ ಬಿಲ್ಲಿಗೆ ‘ಬ್ಯಾಟಲ್ಸ್’ ಎಂದು ಹೆಸರು. ಕೆಲವು ಕಾಲೇಜುಗಳು ಹಾಲ್‌ನಲ್ಲಿ ಒಂದು ತುತ್ತೂ ತಿನ್ನದಿದ್ದವರಿಂದಲೂ ಅಡುಗೆಮನೆಯ ನಿಗದಿತ ಶುಲ್ಕ ಪಡೆಯುತ್ತವೆ. ಅದು ಇದೆಯೇ ಎಂದು ನೋಡಿ ಆಮೇಲೆ ಸ್ವಂತ ಅಡುಗೆಯ ಲಾಭ ಲೆಕ್ಕ ಹಾಕಿ.

ಬೇಕಿದ್ದರೆ ಮಾಡುವಂಥವು

ಎರಡನೇ ವರ್ಷದವರಿಬ್ಬರು ತಮಾಷೆಗೆ ‘ಮದುವೆ’ಯಾಗಿ ಹೊಸಬರನ್ನು ‘ಮಕ್ಕಳು’ ಮಾಡಿಕೊಳ್ಳುವ ಕಾಲೇಜು ಸಂಸಾರ ಒಂದಿದೆ. ಯಾವ ಪುಸ್ತಕ ಎಲ್ಲಿ ಸಿಗುತ್ತದೆ, ಯಾವ ಟ್ಯೂಟರ್ ಏನು ಕೇಳುತ್ತಾರೆ ಎಂಬುದೆಲ್ಲ ಈ ‘ಅಪ್ಪ ಅಮ್ಮ’ನಿಂದಲೇ ತಿಳಿಯಬೇಕು. ತಪ್ಪಿಸಿಕೊಳ್ಳಬೇಡಿ. 1960ರ ದಶಕದ ಆರಂಭದಲ್ಲಿ ಗಿರೀಶ ಕಾರ್ನಾಡರು ಅಧ್ಯಕ್ಷರಾಗಿದ್ದ ಆಕ್ಸ್‌ಫರ್ಡ್ ಯೂನಿಯನ್ ಕಾಲೇಜಿನದಲ್ಲ, ಪ್ರತ್ಯೇಕ ಚರ್ಚಾಸಂಘ. ಸದಸ್ಯತ್ವಕ್ಕೆ ಬೇರೆ ಹಣ ಕೊಡಬೇಕು, ಆತುರ ಬೇಡ.

ದೋಣಿ ಸ್ಪರ್ಧೆಗೆ ಸೇರುವವರು ಮೊದಲು ಈಜು ಪರೀಕ್ಷೆ ದಾಟಬೇಕು. ನದಿ ಕಿರಿದು, ಅನೇಕ ದೋಣಿಗಳು ಪಕ್ಕಪಕ್ಕ ಓಡಲು ಜಾಗವಿಲ್ಲ, ಅದಕ್ಕೇ ‘ಬಂಪ್ಸ್’ ಬಂದಿದ್ದು. ಒಂದೂವರೆ ದೋಣಿಯುದ್ದದ ಅಂತರದಲ್ಲಿ ಸಾಲಾಗಿ ನಿಂತು ಒಟ್ಟಿಗೆ ಹೊರಡುತ್ತಾರೆ, ಮುಂದಿನ ದೋಣಿಯನ್ನು ಮುಟ್ಟಿದವರು ಮರುದಿನ ಅದರ ಜಾಗಕ್ಕೆ ಏರುತ್ತಾರೆ. ಹಿಲರಿಯಲ್ಲಿ ಟಾರ್ಪಿಡ್ಸ್, ಟ್ರಿನಿಟಿಯ ಐದನೇ ವಾರದಲ್ಲಿ ಸಮ್ಮರ್ ಏಟ್ಸ್, ಎರಡೂ ನಾಲ್ಕು ದಿನ. ದೋಣಿ ಹತ್ತದವರೂ ದಡದಲ್ಲಿ ನಿಂತು ಕೂಗುತ್ತಾರೆ, ಅದಕ್ಕೆ ಈಜು ಬೇಡ.

ಮೇ 1ರ ಬೆಳಿಗ್ಗೆ 6ಕ್ಕೆ ಮಾಡ್ಲಿನ್ ಕಾಲೇಜಿನ ಗೋಪುರದ ಮೇಲೆ ಗಾಯಕವೃಂದ ಹಾಡುತ್ತದೆ. ಕೆಳಗಿನ ಬೀದಿಯಲ್ಲಿ ಜಾಗ ಬೇಕಿದ್ದರೆ ಅರ್ಧ ಗಂಟೆ ಮುಂಚೆ ಹೋಗಿ. ಸೇತುವೆಯಿಂದ ನದಿಗೆ ಹಾರುವವರನ್ನು ನೋಡಿ ಉಮೇದು ಬಂದರೆ, ಅಲ್ಲಿ ನೀರಿನ ಆಳ ಕಡಿಮೆ, ಹಿಂದೆ ಕಾಲು ಮುರಿದುಕೊಂಡವರಿದ್ದಾರೆ.

ಪರೀಕ್ಷೆಗೆ ಗೌನಿನ ಮೇಲೆ ಕಾರ್ನೇಷನ್ ಹೂ ಸಿಕ್ಕಿಸುತ್ತಾರೆ: ಮೊದಲ ಪತ್ರಿಕೆಗೆ ಬಿಳಿ, ನಡುವಿನವಕ್ಕೆ ಗುಲಾಬಿ ಬಣ್ಣ, ಕೊನೆಯದಕ್ಕೆ ಕೆಂಪು. ಹೂ ತಂದುಕೊಡುವುದು ಕಾಲೇಜು ಸಂಸಾರದ ಕೆಲಸ. ಹೂ ಕಡ್ಡಾಯವಲ್ಲ, ಸಬ್‌ಫಸ್ಕ್ ಕಡ್ಡಾಯ. ಕೊನೆಯ ಪತ್ರಿಕೆ ಮುಗಿಸಿ ಹೊರಬಂದವರ ಮೇಲೆ ನೊರೆ, ಬಣ್ಣದ ಕಾಗದ ಎರಚುವ ‘ಟ್ರ್ಯಾಶಿಂಗ್’ ಮಾತ್ರ ನಿಷಿದ್ಧ. ಶಿಸ್ತು ನೋಡುವ ಪ್ರಾಕ್ಟರ್‌ಗಳು ದಂಡ ಹಾಕುತ್ತಾರೆ.

ಎಂಟನೇ ವಾರದ ಶನಿವಾರ

ಪದವಿ ವಿದ್ಯಾರ್ಥಿಗಳು ಹೆಚ್ಚಿನ ಕಾಲೇಜುಗಳಲ್ಲಿ ಪ್ರತಿ ಟರ್ಮಿನ ಕೊನೆಗೆ ಕೋಣೆ ಪೂರ್ತಿ ಖಾಲಿ ಮಾಡಬೇಕು. ರಜೆಯಲ್ಲಿ ಅದನ್ನು ಸಮ್ಮೇಳನಕ್ಕೆ ಬರುವ ಅತಿಥಿಗಳಿಗೆ ಕೊಡುತ್ತಾರೆ. ವರ್ಷಕ್ಕೆ ಮೂರು ಸಲ ಈ ಕೆಲಸ ಇದೆ ಎಂಬುದನ್ನು ನೆನಪಿಟ್ಟುಕೊಂಡೇ ಸಾಮಾನು ಕೊಳ್ಳಿ. ವಿದೇಶಿ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲೇ ಸಾಮಾನಿಡುವ ಜಾಗ ಇರುವುದುಂಟು, ಆದರೆ ಪೆಟ್ಟಿಗೆಗಳ ಸಂಖ್ಯೆಗೆ ಮಿತಿಯಿದೆ. ಆರನೇ ವಾರದಲ್ಲೇ ಹೆಸರು ಕೊಡಿ. ಮಸಾಲೆ ಡಬ್ಬಿಗಳನ್ನು ಅದರಲ್ಲಿ ಇಡಬೇಡಿ, ತಿನ್ನುವ ಪದಾರ್ಥ ಇಡುವಂತಿಲ್ಲ. ರಜೆಯಲ್ಲೂ ಉಳಿಯಬೇಕಿದ್ದರೆ ‘ವೆಕೇಷನ್ ರೆಸಿಡೆನ್ಸ್’ ಅರ್ಜಿ ಬೇರೆ, ಬಾಡಿಗೆ ಬೇರೆ, ಕೋಣೆ ಬದಲಾಗಲೂಬಹುದು. ಗೋಡೆಗೆ ಅಂಟಿಸಿದ್ದನ್ನು ಕಿತ್ತ ಗುರುತಿಗೂ ಬ್ಯಾಟಲ್ಸ್‌ನಲ್ಲಿ ಹಣ ಹಿಡಿಯುತ್ತಾರೆ, ಆದ್ದರಿಂದ ಮೊದಲ ದಿನವೇ ಕೋಣೆಯ ನಾಲ್ಕೂ ಗೋಡೆಗಳ ಫೋಟೊ ತೆಗೆದು ತಾರೀಕಿನೊಂದಿಗೆ ಇಟ್ಟುಕೊಳ್ಳಿ. ಕೀಲಿಯನ್ನು ಬಾಗಿಲಲ್ಲೇ ಬಿಟ್ಟು ಹೋಗದೆ ಲಾಡ್ಜ್‌ಗೆ ಕೊಟ್ಟು, ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಗುರುತು ಹಾಕಿದ್ದನ್ನು ನೋಡಿಯೇ ಬಸ್ಸು ಹತ್ತಿ.