ಮನೆಗಾಡಿಯ ಟೈರಿಗೆ ನಾನು ಹವಾ ಪಂಪ್ ಆರಿಸಿದ ಬಗೆ

ನಾನೂ ನಮ್ಮ ಭಾವನೂ ಸೇರಿ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಮನೆಗಾಡಿ ಮಾಡಿಕೊಂಡಿದ್ದೇವೆ. ಸೀಟು ಕಿತ್ತು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಕೂರಿಸಿದ್ದಾಯಿತು. ಬಾಡಿಗೆ ಗಾಡಿಯಾದರೆ ಜನ ಇಳಿದ ಮೇಲೆ ಹಗುರಾಗುತ್ತದೆ. ಮನೆಗಾಡಿಯ ಭಾರ ನಿಂತಾಗಲೂ ಇಳಿಯುವುದಿಲ್ಲ. ಅದನ್ನೆಲ್ಲ ಹೊರುವುದು ಟೈರಿನೊಳಗಿನ ಹವಾ. ಅದಕ್ಕೇ ಸಾಮಾನು ತುಂಬಿದ ಗಾಡಿಯನ್ನು ಅಮರಗೋಳದ ಕಡೆ ಕಾಟಾದ ಮೇಲೆ ತೂಗಿಸಿ, ಆ ತೂಕಕ್ಕೆ ಟೈರಿಗೆ 60 ಪಿಎಸ್‌ಐ (ಹವಾದ ಒತ್ತಡ ಅಳೆಯುವ ಲೆಕ್ಕ) ಬೇಕು ಅಂತ ಮೊದಲು ಗೊತ್ತುಮಾಡಿಕೊಂಡೆವು. ಪಂಪ್ ಹುಡುಕಿದ್ದು ಆಮೇಲೆ.

ಹುಬ್ಬಳ್ಳಿಯಲ್ಲಿ ಪಂಚರ್ ಅಂಗಡಿಗೇನು ಬರವಿಲ್ಲ. ಆದರೆ ಅಂಗಡಿ ಮುಟ್ಟುವಷ್ಟರಲ್ಲಿ ಟೈರು ಬಿಸಿಯಾಗಿರುತ್ತದೆ. ಗಾಡಿಯ ಬಾಗಿಲ ಪಟ್ಟಿಯ ಮೇಲೆ ಬರೆದಿರುವ ಹವಾದ ಒತ್ತಡ ತಣ್ಣಗಿನ ಟೈರಿನ ಲೆಕ್ಕ. 60 ಇರುವ ಟೈರು 10 ಡಿಗ್ರಿ ಬಿಸಿಯಾದರೆ ಸುಮಾರು ಎರಡೂವರೆ ಪಿಎಸ್‌ಐ ಏರುತ್ತದೆ. ಬೇಸಿಗೆಯಲ್ಲಿ ಗದಗ ರಸ್ತೆಯಲ್ಲಿ ಓಡಿಬಂದ ಟೈರಿನ ಬಿಸಿ ಅದಕ್ಕಿಂತ ಎಷ್ಟೋ ಜಾಸ್ತಿ. ಆಗ ಮೀಟರ್ ನೋಡಿ ಹವಾ ಬಿಟ್ಟರೆ ಮರುದಿನ ಬೆಳಿಗ್ಗೆ ಕಮ್ಮಿ ಆಗಿರುತ್ತದೆ, ಅಲ್ವಾ? ಬೆಳಿಗ್ಗೆ ಹೊರಡುವ ಮುಂಚೆ ನಿಂತಲ್ಲೇ ತುಂಬಬೇಕು. ನಮ್ಮದೇ ಪಂಪ್ ಬೇಕಾಗಿದ್ದು ಇದಕ್ಕೆ.

ಅಂಗಡಿಗೆ ಹೋದರೆ ಎಲ್ಲ ಡಬ್ಬಿಯ ಮೇಲೂ '150 ಪಿಎಸ್‌ಐ' ಅಂತ ದೊಡ್ಡದಾಗಿ ಇರುತ್ತದೆ. ನಮ್ಮ ಓಣಿಯ ಪಂಚರ್ ಅಂಗಡಿ ಕಾಕಾ ಹೇಳಿದರು: "ಅದನ್ನ ನೋಡಬ್ಯಾಡ್ರಿ ಅಣ್ಣಾರ. 60ಕ್ಕ ಹೋದ ಮ್ಯಾಲೆ ದಮ್ಮು ಎಷ್ಟ ಐತಿ, ಅದನ್ನ ನೋಡ್ರಿ." ನನ್ನ ಮಟ್ಟಿಗೆ ಇಡೀ ವಿಷಯ ಆ ಮಾತಿನಲ್ಲೇ ಇದೆ. ಲೆಕ್ಕ ಹಾಕಿ ನೋಡಿ. 15 ಪಿಎಸ್‌ಐ ಅಂದರೆ ಹೆಚ್ಚುಕಮ್ಮಿ ಹೊರಗಿನ ಗಾಳಿಯ ಒತ್ತಡದಷ್ಟು. ನಮ್ಮ ಟೈರಿನ ಒಳಜಾಗ ಸುಮಾರು 50 ಲೀಟರ್. 45ರಿಂದ 60ಕ್ಕೆ ಏರಿಸಲು ಇನ್ನೂ 50 ಲೀಟರ್ ಹೊರಗಿನ ಗಾಳಿ ಒಳಗೆ ಹೋಗಬೇಕು. ಪಂಪ್ ಆ ಒತ್ತಡದಲ್ಲಿ ನಿಮಿಷಕ್ಕೆ 10 ಲೀಟರ್ ತಳ್ಳಿದರೆ ಒಂದು ಟೈರಿಗೆ ಐದು ನಿಮಿಷ, ಹಿಂದೆ ಜೋಡಿ ಗಾಲಿ ಇರುವ ನಮ್ಮ ಗಾಡಿಯ ಆರು ಟೈರಿಗೆ ಅರ್ಧ ತಾಸು. 40 ಲೀಟರ್ ತಳ್ಳಿದರೆ ಎಂಟು ನಿಮಿಷದೊಳಗೆ ಕೆಲಸ ಮುಗಿಯಿತು. ಡಬ್ಬಿಯ ಮೇಲೆ ಬರೆಯುವ ಲೀಟರ್ ಲೆಕ್ಕ ಮಾತ್ರ ಸಾಮಾನ್ಯವಾಗಿ ಪೈಪು ಖಾಲಿ ಬಿಟ್ಟಾಗಿನದು. ಒತ್ತಡ ಏರಿದಂತೆ ಅದು ಇಳಿಯುತ್ತಲೇ ಹೋಗುತ್ತದೆ. ಅದಕ್ಕೇ ಗೆಳೆಯರ ಹತ್ತಿರ ಇದ್ದವನ್ನು ಇಸಿದುಕೊಂಡು, ಮೊಬೈಲಿನಲ್ಲಿ ಟೈಮ್ ಇಟ್ಟು, ನಮ್ಮ ಟೈರಿನ ಮೇಲೇ ನೋಡಿದೆ. ಕಾರಿಗೆ 33 ತುಂಬುವ ಚಿಕ್ಕ ಪಂಪುಗಳು 50 ದಾಟಿದ ಮೇಲೆ ಏದುಸಿರು ಬಿಡುತ್ತವೆ. ಬ್ಯಾಟರಿ ಒಳಗೇ ಇರುವ, ಕೈಯಲ್ಲಿ ಹಿಡಿಯುವ ಪಂಪುಗಳು ಬೈಕಿಗೆ, ಕಾರಿಗೆ ಚೆನ್ನ. ಆರು ದೊಡ್ಡ ಟೈರಿಗೆ ಅವುಗಳ ಚಾರ್ಜು ಸಾಲುವುದಿಲ್ಲ.

ಇನ್ನು ಕರೆಂಟು. ಡ್ಯಾಶ್‌ಬೋರ್ಡಿನ ಲೈಟರ್ ಸಾಕೆಟ್ಟಿನ ಫ್ಯೂಸು ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್. 12 ವೋಲ್ಟಿಗೆ 15 ಆಂಪಿಯರ್ ಅಂದರೆ 180 ವ್ಯಾಟ್. ದಮ್ಮಿರುವ ಪಂಪ್ 25-30 ಆಂಪಿಯರ್ ಎಳೆಯುತ್ತದೆ. ಹಾಗಾಗಿ ನೇರ ಬ್ಯಾಟರಿಗೆ ಕಚ್ಚಿಸುವ ಕ್ಲಿಪ್ ಇರುವುದನ್ನೇ ತಗೊಂಡೆ. ತುಂಬುವಾಗ ಇಂಜಿನ್ ಚಾಲೂ ಇರಲಿ. ಹಿಂದಿನ ಗಾಲಿಗೆ ಮುಟ್ಟಬೇಕು ಅಂತ ವೈರ್ ಉದ್ದ ಮಾಡಬೇಡಿ. ತೆಳು ವೈರ್ ಉದ್ದವಾದಷ್ಟೂ ವೋಲ್ಟ್ ಬೀಳುತ್ತದೆ. ಉದ್ದ ಆಗಬೇಕಾದ್ದು ಹವಾದ ಪೈಪು.

ಎಷ್ಟು ಹೊತ್ತು ಓಡಿಸಿ ಎಷ್ಟು ಹೊತ್ತು ತಣ್ಣಗಾಗಲು ಬಿಡಬೇಕು ಅನ್ನುವುದು ಪಂಪಿನ ಜೊತೆ ಬರುವ ಕಾಗದದಲ್ಲಿ ಇರುತ್ತದೆ. 33 ಪರ್ಸೆಂಟ್ ಅಂತ ಬರೆದಿದ್ದರೆ ಒಟ್ಟು ಹೊತ್ತಿನ ಮೂರನೇ ಒಂದು ಪಾಲು ಮಾತ್ರ ಓಡಿಸಬೇಕು, ಅಂದರೆ 10 ನಿಮಿಷ ಓಟ, 20 ನಿಮಿಷ ವಿಶ್ರಾಂತಿ. ಯಾವ ಒತ್ತಡದಲ್ಲಿ ಅನ್ನುವುದನ್ನೂ ಓದಿ. ಆರೂ ಟೈರು ಒಂದೇ ಓಟದಲ್ಲಿ ಮುಗಿಯಬೇಕು ಅನ್ನುವುದು ನನ್ನ ಹಟವಾಗಿತ್ತು.

ಪೈಪಿನ ತುದಿಯನ್ನು ಕೈಯಲ್ಲಿ ಹಿಡಿದು ನೋಡದೆ ಪಂಪ್ ಕೊಳ್ಳಬೇಡಿ. ಜೋಡಿ ಗಾಲಿಯಲ್ಲಿ ಒಳಗಿನ ಟೈರಿನ ವಾಲ್ವ್ ಡಿಸ್ಕಿನ ತೂತಿನ ಹಿಂದೆ ಅಡಗಿರುತ್ತದೆ. ಅಲ್ಲಿ ಅಗಲವಾದ ಲಿವರ್ ತುದಿ ಹೋಗುವುದೇ ಇಲ್ಲ, ಬೆರಳು ಹೋದರೂ ತಿರುಗುವುದಿಲ್ಲ. ನಾವು ಒಳಗಿನ ವಾಲ್ವಿಗೆ ಲೋಹದ ಎಕ್ಸ್‌ಟೆನ್ಷನ್ ಹಾಕಿಸಿ, ಅದರ ತುದಿ ಅಲುಗಾಡದ ಹಾಗೆ ಬಿಗಿ ಮಾಡಿಸಿದ್ದೇವೆ. ಹಿತ್ತಾಳೆಯ ತಿರುಪಿನ ತುದಿ ಗಟ್ಟಿಯಾಗಿ ಕೂರುತ್ತದೆ, ಆದರೆ ಹವಾ ಒತ್ತಿದಾಗ ಕಾಯುತ್ತದೆ. ಬಿಚ್ಚುವಾಗ ಕೈಗೆ ಬಟ್ಟೆ ಇರಲಿ.

ಪಂಪಿನ ಮೇಲಿನ ಮೀಟರ್ ಓಡುವಾಗ ಜಾಸ್ತಿ ತೋರಿಸುತ್ತದೆ. ನಿಲ್ಲಿಸಿ ನೋಡಿ, ಬೇರೆ ಗೇಜಿನಿಂದ ಇನ್ನೊಮ್ಮೆ ನೋಡಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ದಿನವಂತೂ ನಾನು ಸ್ಟೆಪ್ನಿಯನ್ನೂ ಬಿಡದೆ ನೋಡುತ್ತೇನೆ.