ಇದ್ದೂರಲ್ಲೇ ಬೇರೆ ಮನೆ ಮಾಡಿದೆ: ನನ್ನ ಅನುಭವ

ಬೆಂಗಳೂರಲ್ಲೇ ಹುಟ್ಟಿ ಬೆಳೆದು ಬೆಂಗಳೂರಲ್ಲೇ ಕೆಲಸ ಸಿಕ್ಕವರಿಗೆ ಮನೆ ಬಿಡಲು ಕಾರಣವೇ ಸಿಗುವುದಿಲ್ಲ. ದಾವಣಗೆರೆಯಿಂದಲೋ ಶಿರಸಿಯಿಂದಲೋ ಬಂದ ನನ್ನ ಸಹೋದ್ಯೋಗಿಗಳು ಕಾಲೇಜು ಮುಗಿಸಿದ ಕೂಡಲೇ ಪಿಜಿ ಸೇರಿದ್ದರು. ಅವರನ್ನು ಯಾರೂ ಯಾಕೆ ಅಂತ ಕೇಳಲಿಲ್ಲ. ನಮ್ಮ ಮನೆ ಇರುವುದು ವಿಜಯನಗರದಲ್ಲಿ, ಆಫೀಸು ವೈಟ್‌ಫೀಲ್ಡ್‌ನಲ್ಲಿ. ನಾನು ಬೇರೆ ಮನೆ ಮಾಡುತ್ತೇನೆ ಅಂದರೆ ಮನೆಯಲ್ಲಿ ಏನೋ ಆಗಿದೆ ಅಂತಲೇ ಜನ ತಿಳಿಯುತ್ತಾರೆ. ಮದುವೆಯಾಗದ ಹೆಣ್ಣುಮಗಳಾದರಂತೂ ಆ ಅನುಮಾನ ಇನ್ನೂ ಜಾಸ್ತಿ.

ನಮ್ಮ ಮನೆಯಲ್ಲಿ ಏನೂ ಆಗಿರಲಿಲ್ಲ. ಅಪ್ಪ, ಅಮ್ಮ, ನಾನು, ಮೂರೇ ಜನ. ಅಪ್ಪ ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾದವರು. ಬೇರೆ ಮನೆಯ ಮಾತು ಬಂದಾಗಲೆಲ್ಲ ನಾನು ದೂರದ ಕಾರಣ ಹೇಳುತ್ತಿದ್ದೆ. ಅದು ಸುಳ್ಳೇನಲ್ಲ. ಎರಡು ಬಸ್ಸು ಬದಲಾಯಿಸಿ ಆಫೀಸು ಸೇರುವಷ್ಟರಲ್ಲಿ ಅರ್ಧ ಜೀವ ಹೋಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ ಬಂತು. ಆದರೆ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗೆ ಹಳಿ ಇನ್ನೂ ಸೇರಿರಲಿಲ್ಲ. ನಡುವೆ ಇಳಿದು ಬಸ್ಸು ಹತ್ತಬೇಕಿತ್ತು. ಅದೇ ವರ್ಷ ಅಕ್ಟೋಬರ್ 9ಕ್ಕೆ ಆ ತುಂಡೂ ಸೇರಿ, ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಪೂರ್ತಿಯಾಯಿತು. ಅಪ್ಪ ಪೇಪರ್ ಮಡಚಿಟ್ಟು, "ಇನ್ನೇನು, ವಿಜಯನಗರದಲ್ಲಿ ಹತ್ತಿದರೆ ಆಫೀಸ್ ಹತ್ರಾನೇ ಇಳೀಬಹುದು, ಅಲ್ವಾ?" ಅಂದರು. ಖುಷಿಯಾಗಿಯೇ ಹೇಳಿದರು.

ಮೆಟ್ರೊ ಬಂದ ಮೇಲೂ ಬೇರೆ ಮನೆ ಮಾಡುವ ಆಸೆ ಹೋಗಲಿಲ್ಲ. ದೂರ ನಿಜವಾದ ಕಾರಣ ಅಲ್ಲ ಅಂತ ಆಗ ನನಗೆ ಖಚಿತವಾಯಿತು. ಮೂವತ್ತರ ಹತ್ತಿರ ಬಂದಿದ್ದೆ. ಒಂದು ಸಂಸಾರದ ಲೆಕ್ಕ, ಅಡುಗೆ, ರಿಪೇರಿ, ಬಂದು ಹೋಗುವವರು, ಎಲ್ಲವನ್ನೂ ನಾನೇ ನೋಡಿಕೊಳ್ಳಬೇಕು ಅನ್ನಿಸುತ್ತಿತ್ತು. ಅಮ್ಮನ ಅಡುಗೆಮನೆಯಲ್ಲಿ ನಾನು ಎಷ್ಟೇ ಕೆಲಸ ಮಾಡಿದರೂ ಅದು ಅಮ್ಮನ ಅಡುಗೆಮನೆಯೇ. ಅದು ಹಾಗಿರುವುದೇ ಸರಿ. ಇದನ್ನೇ ಅಪ್ಪ ಅಮ್ಮ ಇಬ್ಬರಿಗೂ ಹೇಳಿದೆ. ಅಮ್ಮ ಅತ್ತರು. "ಜನ ಕೇಳಿದರೆ ಏನು ಹೇಳೋದು? ನಾಳೆ ಗಂಡಿನ ಕಡೆಯವರು ಕೇಳಿದರೆ?" ಅಂದರು. ಅಪ್ಪ ಸ್ವಲ್ಪ ದಿನ ಮಾತೇ ಆಡಲಿಲ್ಲ. ಆಮೇಲೆ ಒಂದು ಸಂಜೆ ಅವರೇ, "ಯಾವಾಗ ಅಂತ ಯೋಚನೆ ಮಾಡಿದ್ದೀಯಾ?" ಅಂತ ಕೇಳಿದರು.

ಯಾವಾಗ ಅನ್ನುವುದನ್ನು ಅಲ್ಲಿಂದ ಮುಂದೆ ಮೂವರೂ ಕೂತೇ ತೀರ್ಮಾನಿಸಿದೆವು. ಮೊದಲು ಒಪ್ಪಿಕೊಂಡ ಮಾತು, ಜಗಳ ಆಡಿದ ವಾರದಲ್ಲಿ ಮನೆ ನೋಡಲು ಹೋಗಬಾರದು. ಇದು ಅಮ್ಮ ಹೇಳಿದ್ದು. ಮುನಿಸಿಕೊಂಡು ಹೊರಟರೆ ವಾಪಸ್ ಬಂದು ಊಟಕ್ಕೆ ಕೂರುವುದು ಇಬ್ಬರಿಗೂ ಕಷ್ಟ ಅಂದರು. ನನ್ನ ಸುತ್ತ ಹೀಗೆ ಸಿಟ್ಟಿನಲ್ಲಿ ಮನೆ ಬಿಟ್ಟವರನ್ನು ನೋಡಿದ್ದೇನೆ. ಅವರು ಸಿಕ್ಕಿದ ಮನೆ ಹಿಡಿಯುತ್ತಾರೆ, ಕೇಳಿದಷ್ಟು ಅಡ್ವಾನ್ಸ್ ಕೊಡುತ್ತಾರೆ. ಹಬ್ಬಕ್ಕೂ ಮನೆಗೆ ಹೋಗಲಾರದೆ ಒದ್ದಾಡುತ್ತಾರೆ.

ದುಡ್ಡಿನ ಪರೀಕ್ಷೆ ಮನೆಯಲ್ಲಿದ್ದಾಗಲೇ ಮಾಡಿದೆ. ಯುಗಾದಿಗೆ ಒಂದು ಆರ್‌ಡಿ ತೆರೆದೆ. ಸಂಬಳ ಬಂದ ದಿನವೇ 25,000 ರೂಪಾಯಿ ಅದಕ್ಕೆ ಹೋಗುತ್ತಿತ್ತು. ಬಾಡಿಗೆ, ಮೇಂಟೆನೆನ್ಸ್, ದಿನಸಿ ಸೇರಿ ಅಷ್ಟು ಬೇಕಾಗುತ್ತದೆ ಅನ್ನುವ ಅಂದಾಜು. ಮನೆಗೆ ಪ್ರತಿ ತಿಂಗಳು ಕೊಡುತ್ತಿದ್ದುದನ್ನು ನಿಲ್ಲಿಸಲಿಲ್ಲ. ಉಳಿದದ್ದರಲ್ಲಿ ದಸರಾವರೆಗೆ ಬದುಕಿ ನೋಡಿದೆ. ಮೊದಮೊದಲು ಬಿಗಿಯಾಯಿತು, ಆಮೇಲೆ ರೂಢಿಯಾಯಿತು. ಇದರಿಂದ ಎರಡು ಕೆಲಸ ಆಯಿತು. ಬೇರೆ ಇದ್ದರೆ ಸಂಬಳ ಸಾಲುತ್ತದೆಯೋ ಇಲ್ಲವೋ ಗೊತ್ತಾಯಿತು, ಅಡ್ವಾನ್ಸ್‌ಗೆ ದುಡ್ಡೂ ಕೂಡಿತು. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಪದ್ಧತಿ ಇನ್ನೂ ಹೋಗಿಲ್ಲ. ಅಪ್ಪನ ಉಳಿತಾಯ ಮುಟ್ಟಿ ಅಡ್ವಾನ್ಸ್ ಕೊಡುವುದಾದರೆ ಹೊರಡುವ ಕಾಲ ಬಂದಿಲ್ಲ ಅಂತಲೇ ನನ್ನ ಅಭಿಪ್ರಾಯ.

ಇನ್ನೊಂದು ಲೆಕ್ಕ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರು ಅಪ್ಪನ ಹೆಸರಿನ ಮನೆಯಲ್ಲಿ ನಿಜವಾಗಿ ಬಾಡಿಗೆ ಕೊಟ್ಟು ಇದ್ದರೆ ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ತೆರಿಗೆ ವಿನಾಯಿತಿ ಸಿಗುತ್ತದೆ. ಅಪ್ಪ ಆ ಬಾಡಿಗೆಯನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. ಮನೆಯಲ್ಲೇ ಇನ್ನೊಂದೆರಡು ವರ್ಷ ಇರೋಣ ಅಂದುಕೊಂಡವರು ಇದನ್ನೂ ನೋಡಿಕೊಳ್ಳಿ.

ಇದೆಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡದ್ದು ಮನೆಯಲ್ಲಿ ನಾನು ಮಾಡುತ್ತಿದ್ದ ಕೆಲಸಗಳನ್ನು ದಾಟಿಸುವುದು. ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋದೆ. ಬೆಸ್ಕಾಂ ಬಿಲ್ಲು, ನೀರಿನ ಬಿಲ್ಲು, ಗ್ಯಾಸ್ ಬುಕ್ ಮಾಡುವುದು, ರಿಯಾಯಿತಿ ಇರುವಾಗಲೇ ಮನೆ ಕಂದಾಯ ಕಟ್ಟುವುದು, ಅಮ್ಮನ ಬಿಪಿ ಮಾತ್ರೆ ತರಿಸುವುದು, ಡಾಕ್ಟರ ಹತ್ತಿರ ಟೋಕನ್ ತೆಗೆದುಕೊಳ್ಳುವುದು, ಪ್ರತಿ ನವೆಂಬರ್‌ನಲ್ಲಿ ಅಪ್ಪನ ಪಿಂಚಣಿಗೆ ಜೀವನ ಪ್ರಮಾಣಪತ್ರ ಕೊಡುವುದು. ಪುಟ ತುಂಬಿತು. ಇಷ್ಟೆಲ್ಲ ನನ್ನ ಫೋನಿನಲ್ಲೇ ನಡೆಯುತ್ತಿತ್ತು. ನಾನು ಸುಮ್ನೆ ಎದ್ದು ಹೋಗಿದ್ದರೆ ಅವರಿಗೆ ನಿಜವಾಗಿ ತೊಂದರೆ ಆಗುತ್ತಿತ್ತು.

ಒಂದೊಂದನ್ನೇ ಕಲಿಸಿದೆ. ಬಿಲ್ಲು ಕಟ್ಟುವುದನ್ನು ಅಮ್ಮ ವಹಿಸಿಕೊಂಡರು. ಅವರಿಗೆ ಯುಪಿಐ ಭಯ ಇತ್ತು, ಮೋಸದ ಸುದ್ದಿ ದಿನಾ ಓದುತ್ತಾರಲ್ಲ. ಅದಕ್ಕೆ ಅವರ ಹೆಸರಲ್ಲಿ ಬೇರೆ ಖಾತೆ ತೆರೆದು, ತಿಂಗಳ ಖರ್ಚಿಗೆ ಬೇಕಾದಷ್ಟನ್ನೇ ಅದರಲ್ಲಿ ಇಟ್ಟು, ಯುಪಿಐ ಅನ್ನು ಅದಕ್ಕೆ ಮಾತ್ರ ಜೋಡಿಸಿದೆವು. ಏನೇ ಆದರೂ ಹೋಗುವುದು ಅಷ್ಟೇ ತಾನೆ ಅನ್ನುವ ಧೈರ್ಯ ಬಂತು. ದುಡ್ಡು ಬರಬೇಕಾದರೆ ಪಿನ್ ಹಾಕಬೇಕಿಲ್ಲ, ಯಾರಾದರೂ ಹಾಕಿ ಅಂದರೆ ಫೋನ್ ಇಟ್ಟುಬಿಡಿ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆದೆ. ಜೀವನ ಪ್ರಮಾಣಪತ್ರವನ್ನು ಈಗ ಫೋನಿನಲ್ಲಿ ಮುಖ ತೋರಿಸಿಯೇ ಕೊಡಬಹುದು. ಆ ಆ್ಯಪ್ ಅನ್ನು ಅಪ್ಪ ತಾವೇ ಕಲಿತರು. ಒಂದು ತಿಂಗಳು ಪೂರ್ತಿ ನಾನು ಯಾವುದಕ್ಕೂ ಕೈ ಹಾಕದೆ ಇದ್ದೆ. ಮನೆ ಸಲೀಸಾಗಿ ನಡೆಯಿತು. ಅದನ್ನು ನೋಡಿದ ಮೇಲೆಯೇ ನನಗೆ ಹೊರಡುವ ಧೈರ್ಯ ಬಂದದ್ದು. ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಇಟ್ಟೆವು. ಗೋಡೆಯ ಕ್ಯಾಲೆಂಡರಿನ ಮೇಲೆ 108 ಮತ್ತು ಹತ್ತಿರದ ಇಬ್ಬರು ನೆಂಟರ ನಂಬರ್ ಬರೆದೆವು.

ಮನೆ ಹುಡುಕಾಟಕ್ಕೆ ಆತುರ ಪಡಲಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ವೈಟ್‌ಫೀಲ್ಡ್ ಕಡೆಯೆಲ್ಲ ನೀರಿನ ಟ್ಯಾಂಕರಿಗೆ ಕಾಯುತ್ತಿತ್ತು. ಆಷಾಢದಲ್ಲಿ ಮನೆ ಬದಲಾಯಿಸುವುದು ಬೇಡ ಅಂತ ಅಮ್ಮ ಮೊದಲೇ ಹೇಳಿದ್ದರು. ಅವರಿಗೆ ಸಮಾಧಾನ ಆಗುವುದಾದರೆ ಒಂದು ತಿಂಗಳು ಕಾಯುವುದು ನನಗೆ ದೊಡ್ಡದಾಗಿರಲಿಲ್ಲ. ಮನೆ ಮಾತ್ರ ನೇರಳೆ ಮಾರ್ಗದ ಮೇಲೆಯೇ ಇರಬೇಕು ಅಂತ ನಿರ್ಧರಿಸಿದ್ದೆ. ರಾತ್ರಿ ಫೋನ್ ಬಂದರೂ, ಬೆಳಗ್ಗೆ ಬಂದರೂ ರೈಲು ಬದಲಾಯಿಸದೆ ವಿಜಯನಗರ ತಲುಪಬೇಕು. ಹಾಗಾಗಿ ವೈಟ್‌ಫೀಲ್ಡ್‌ಗೆ ಹತ್ತಿರದ ಹೂಡಿ ಸುತ್ತಮುತ್ತ ನೋಡಿದೆ.

ಮಾಲೀಕರ ಪ್ರಶ್ನೆಗೆ ತಯಾರಾಗಿ ಹೋಗಬೇಕು. "ಅಪ್ಪ ಅಮ್ಮ ಇದೇ ಊರಲ್ಲಿದ್ದಾರೆ ಅಂತೀಯ, ಮತ್ತೆ ಯಾಕಮ್ಮ ಬೇರೆ ಮನೆ?" ಅಂತ ಹೋದಲ್ಲೆಲ್ಲ ಕೇಳಿದರು. ಆಫೀಸು ಹತ್ತಿರ ಅಂದರೂ ಕೆಲವರ ಮುಖ ಬದಲಾಗುತ್ತಿತ್ತು. ಒಂದು ಮನೆ ಇಷ್ಟವಾದಾಗ ಅಮ್ಮನನ್ನು ಕರೆದುಕೊಂಡು ಹೋದೆ. ಮಾಲೀಕರ ಮಾತಿನ ಧಾಟಿಯೇ ಬದಲಾಯಿತು. ಅದಕ್ಕಿಂತ ಹೆಚ್ಚಾಗಿ ಅಮ್ಮ ಬದಲಾದರು. ಎಲ್ಲ ನಲ್ಲಿ ತಿರುಗಿಸಿ ನೋಡಿದರು. ಬಚ್ಚಲ ಚಿಲಕ ಗಟ್ಟಿ ಇದೆಯಾ, ಅಡುಗೆಮನೆಗೆ ಬೆಳಕು ಬರುತ್ತದಾ, ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರು ಕೊಡುತ್ತಾರೆ, ಹಾಲು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲ ವಿಚಾರಿಸಿದರು. ಬಸವನಗುಡಿಯ ದೊಡ್ಡಮ್ಮನಿಗೆ ಅಂದು ಸಂಜೆ ಅವರೇ ಫೋನ್ ಮಾಡಿ, "ಮಗಳಿಗೆ ಮನೆ ನೋಡಿದ್ವಿ" ಅಂದರು. ಜನಕ್ಕೆ ಏನು ಹೇಳುವುದು ಅನ್ನುವ ಚಿಂತೆ ಅಲ್ಲಿಗೆ ಅರ್ಧ ಕಳೆಯಿತು.

ಬಾಡಿಗೆ 18,000. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು, ಆರಕ್ಕೆ ಒಪ್ಪಿದರು. ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಲೇಬೇಕು, ಅದಕ್ಕೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ರೂಢಿ. ಅದನ್ನು ಕರಾರಿನಲ್ಲೇ ಬರೆಸಿ, ಅದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಅಂತ ಸೇರಿಸಿದೆ. ಹೋದ ದಿನವೇ ಗೋಡೆ, ನಲ್ಲಿ, ಸ್ವಿಚ್ಚುಗಳ ಫೋಟೊ ತೆಗೆದು ಮಾಲೀಕರಿಗೂ ಕಳಿಸಿದೆ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಹಿಂದೆ ಇದ್ದವರ ಆಧಾರ್ ಆ ಮೀಟರಿನಿಂದ ಬಿಡಿಸಿದ್ದಾರಾ ಅಂತ ಮೊದಲೇ ಕೇಳಿ.

ಕಾರ್ತಿಕದಲ್ಲಿ ಹಾಲು ಉಕ್ಕಿಸಿದೆವು. ಮೊದಲ ವಾರಗಳು ಸುಲಭ ಇರಲಿಲ್ಲ. ಸಂಜೆ ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲ. ಒಂದು ಸಲ ಜ್ವರ ಬಂದಾಗ ಗಂಜಿ ನಾನೇ ಮಾಡಿಕೊಂಡೆ. ಆವತ್ತೂ ನಾನು ಬಯಸಿದ್ದು ಇದನ್ನೇ ಅಂತ ಅನ್ನಿಸಿತು. ಭಾನುವಾರದ ಊಟ ವಿಜಯನಗರದಲ್ಲೇ. ಗೌರಿ ಗಣೇಶ ಹಬ್ಬವೂ ಅಲ್ಲೇ. ಹೋಗುವ ಮೊದಲು ಫೋನ್ ಮಾಡುವುದಿಲ್ಲ, ನನ್ನ ಹತ್ತಿರ ಬೀಗದ ಕೈ ಇದೆ. ಅಪ್ಪ ಅಮ್ಮನ ಹತ್ತಿರ ಹೂಡಿ ಮನೆಯದ್ದೂ ಇದೆ.

ಹೊರಡುವಾಗ ಒಂದು ಮಾತು ಕೊಟ್ಟಿದ್ದೆ. ಇಬ್ಬರಲ್ಲಿ ಯಾರಿಗಾದರೂ ಮನೆಯ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟವಾದರೆ ನಾನು ವಾಪಸ್ ಬರುತ್ತೇನೆ, ಇಲ್ಲವೇ ನೆಲಮಹಡಿಯಲ್ಲಿ ಮೂವರಿಗೂ ಆಗುವಂಥ ಮನೆ ನೋಡೋಣ ಅಂತ. ಅದಕ್ಕಾಗಿಯೇ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಅಂತ ಕರಾರಿನಲ್ಲಿ ಬರೆಸಿದ್ದೆ. ಹನ್ನೊಂದು ತಿಂಗಳು ಮುಗಿದು ಕರಾರು ಹೊಸದು ಮಾಡುವ ಮೊದಲು ಮೂವರೂ ಮತ್ತೆ ಕೂತೆವು. ಅಮ್ಮನಿಗೆ ಮಂಡಿ ನೋವು ಶುರುವಾಗಿದೆ, ಆದರೆ ಮೆಟ್ಟಿಲಿಗೆ ತೊಂದರೆ ಇಲ್ಲ. ಇನ್ನೊಂದು ಹನ್ನೊಂದು ತಿಂಗಳಿಗೆ ಸಹಿ ಹಾಕು ಅಂತ ಹೇಳಿದ್ದು ಅಪ್ಪನೇ. ನೋಟಿಸಿನ ಸಾಲು ಹೊಸ ಕರಾರಿನಲ್ಲೂ ಹಾಗೇ ಇದೆ.